ಮಾಲೆ ತೆಗೆದ ಮರುದಿನ: ಸಿಗರೇಟು ಬಿಟ್ಟವರು ಮತ್ತೆ ಹಚ್ಚದಿರಲು

ನಮ್ಮೂರು ತಿಪಟೂರಿನ ಹತ್ತಿರ. ನವೆಂಬರ್ ಅರ್ಧ ಕಳೆದರೆ ಅಲ್ಲಿ ಒಂದು ಸೋಜಿಗ ನೋಡಬಹುದು. ದಿನಕ್ಕೆ ಎರಡು ಪ್ಯಾಕ್ ಎಳೆಯುವವರು ಅಯ್ಯಪ್ಪನ ಮಾಲೆ ಹಾಕಿಕೊಳ್ಳುತ್ತಾರೆ. ಅವತ್ತಿನಿಂದ ಒಂದು ದಮ್ಮೂ ಇಲ್ಲ. ಮಾತ್ರೆ ಇಲ್ಲ, ಡಾಕ್ಟರ್ ಇಲ್ಲ. ಬೆಳಗಿನ ಜಾವ ತಣ್ಣೀರು ಸ್ನಾನ, ಕಪ್ಪು ಪಂಚೆ, ಬರಿಗಾಲು. 41 ದಿನ ಹಾಗೇ ಕಳೆಯುತ್ತದೆ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆಯುತ್ತಾರೆ. ಅವತ್ತು ಸಂಜೆಯೇ ಗೂಡಂಗಡಿ ಮುಂದೆ ಹೊಗೆ.

ನಾನೂ ಎರಡು ವರ್ಷ ಹಾಗೇ ಮಾಡಿದವನು. ಈಗ ಯೋಚಿಸಿದರೆ ನಗು ಬರುತ್ತದೆ. 41 ದಿನ ಅಂದರೆ ಸಣ್ಣ ಮಾತಲ್ಲ. ನಿಕೋಟಿನ್ ರಕ್ತದಿಂದ ಹೋಗುವುದಕ್ಕೆ ಎರಡು ಮೂರು ದಿನ ಸಾಕು. ದೇಹದ ಚಡಪಡಿಕೆ ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚುಕಡಿಮೆ ಮುಗಿಯುತ್ತದೆ. ಅಂದರೆ ಕಷ್ಟದ ಕೆಲಸವೆಲ್ಲ ಮುಗಿಸಿ, ಆಮೇಲೆ ಹಚ್ಚುತ್ತಿದ್ದೆ!

ಮಾಲೆಯಲ್ಲಿದ್ದಾಗ ಯಾಕೆ ಸುಲಭ? ಯಾರೂ ನಮಗೆ ಸಿಗರೇಟು ಚಾಚುವುದಿಲ್ಲ. 'ಸ್ವಾಮಿ' ಅಂತ ಕರೆದು ತಾವೇ ನಾಲ್ಕು ಹೆಜ್ಜೆ ದೂರ ಹೋಗಿ ಸೇದುತ್ತಾರೆ. ಬೆಳಗಿನ ರೂಢಿ ಪೂರ್ತಿ ಬದಲಾಗಿರುತ್ತದೆ. ಸಂಜೆ ಟೀ ಅಂಗಡಿಯ ಬದಲು ಭಜನೆ. ಎಲ್ಲಕ್ಕಿಂತ ಜಾಸ್ತಿ, 'ಸೇದಲೋ ಬೇಡವೋ' ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅದು ತೀರ್ಮಾನ ಆಗಿಹೋದ ವಿಷಯ. ಮಾಲೆ ತೆಗೆದ ದಿನ ಇದೆಲ್ಲ ಒಟ್ಟಿಗೆ ಹೋಗುತ್ತದೆ.

ನಾನು 14 ವರ್ಷ ಸೇದಿದೆ. ಬಿಟ್ಟು ಆರು ವರ್ಷವಾಯಿತು. ನಡುವೆ ಒಮ್ಮೆ ಏಳು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದ್ದೂ ಉಂಟು, ಅದನ್ನೂ ಹೇಳುತ್ತೇನೆ. ಈಗಾಗಲೇ ಬಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಬಿಟ್ಟಿದ್ದರೂ ಸರಿ, ಹೋದ ವರ್ಷ ಬಿಟ್ಟಿದ್ದರೂ ಸರಿ. ಮಾಲೆ ಇಲ್ಲದೆಯೇ ಮಾಲೆಯ ಆ ಅನುಕೂಲಗಳನ್ನು ಸುತ್ತ ಕಟ್ಟಿಕೊಳ್ಳುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಮೊದಲ ವಾರ: ದೇಹ ಹಟ ಮಾಡುತ್ತದೆ, ಮಾಡಲಿ

ಎರಡನೇ ಮೂರನೇ ದಿನ ಎಲ್ಲಕ್ಕಿಂತ ಕಷ್ಟ. ಸುಮ್ಮಸುಮ್ಮನೆ ಸಿಟ್ಟು, ತಲೆನೋವು, ನಿದ್ದೆ ಬಾರದಿರುವುದು, ಯಾವ ಕೆಲಸದಲ್ಲೂ ಮನಸ್ಸು ನಿಲ್ಲದಿರುವುದು. ನನಗೆ ಮೂರನೇ ದಿನ ಪ್ರೆಶರ್ ಕುಕ್ಕರ್ ವಿಶಲ್ ಮೇಲೂ ಸಿಟ್ಟು ಬಂದಿತ್ತು. ಇದು ನಿಮ್ಮ ಸ್ವಭಾವ ಕೆಟ್ಟಿದ್ದಲ್ಲ. ಇಷ್ಟು ವರ್ಷ ಗಂಟೆಗೊಮ್ಮೆ ನಿಕೋಟಿನ್ ಸಿಗುತ್ತಿದ್ದ ಮಿದುಳು ಗಲಾಟೆ ಮಾಡುತ್ತಿದೆ, ಅಷ್ಟೆ. ಮನೆಯವರಿಗೆ ಮುಂಚೆಯೇ ಹೇಳಿಬಿಡಿ: 'ಒಂದು ವಾರ ನನ್ನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.'

ಇನ್ನು ಯಾರೂ ಬಾಯಿ ಬಿಟ್ಟು ಹೇಳದ ಒಂದು ತೊಂದರೆ ಇದೆ. ಬೆಳಗ್ಗೆ ಒಂದು ಹಚ್ಚದಿದ್ದರೆ ಹೊಟ್ಟೆ ಖಾಲಿ ಆಗುವುದೇ ಇಲ್ಲ ಅನ್ನುವವರು ಎಷ್ಟೊಂದು ಜನ! ಅದು ಬರೀ ನೆಪವಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಆಗುವುದು ಮಾಮೂಲಿ. ಇದೊಂದೇ ಕಾರಣಕ್ಕೆ ಮತ್ತೆ ಶುರು ಮಾಡಿದವರನ್ನು ನಾನು ಬಲ್ಲೆ. ಎದ್ದ ತಕ್ಷಣ ಎರಡು ಲೋಟ ಬಿಸಿನೀರು ಕುಡಿಯಿರಿ. ರಾತ್ರಿ ಊಟಕ್ಕೆ ಅನ್ನ ಕಡಿಮೆ ಮಾಡಿ, ಸೊಪ್ಪಿನ ಪಲ್ಯ ಜಾಸ್ತಿ ಮಾಡಿ. ಮಲಗುವ ಮುಂಚೆ ಒಂದು ಬಾಳೆಹಣ್ಣು ತಿನ್ನಿ. ಬೆಳಗ್ಗೆ ಹದಿನೈದು ನಿಮಿಷ ನಡೆಯಿರಿ. ಎರಡು ಮೂರು ವಾರದಲ್ಲಿ ಕರುಳು ದಾರಿಗೆ ಬರುತ್ತದೆ. ಬಾರದಿದ್ದರೆ ಇಸಬ್‌ಗೋಲ್ ಇದೆ.

ಕೆಮ್ಮು ಕೂಡ ಕೆಲವರಿಗೆ ಬಿಟ್ಟ ಮೇಲೇ ಜಾಸ್ತಿ ಆಗುತ್ತದೆ. 'ನೋಡು, ಸೇದುವಾಗ ಚೆನ್ನಾಗಿದ್ದೆ' ಅಂದುಕೊಳ್ಳಬೇಡಿ. ಶ್ವಾಸನಾಳದ ಒಳಗೆ ಕಸ ಗುಡಿಸುವ ಸಣ್ಣ ಸಣ್ಣ ಎಳೆಗಳು ಹೊಗೆಗೆ ಮಂಕಾಗಿರುತ್ತವೆ. ಅವು ಮತ್ತೆ ಕೆಲಸ ಶುರು ಮಾಡಿ ಹಳೆಯ ಕಫವನ್ನು ಮೇಲೆ ತಳ್ಳುತ್ತವೆ. ಆದರೆ ಮೂರು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಗಮ್ ಅಗಿಯುವುದಕ್ಕೂ ಒಂದು ರೀತಿ ಇದೆ

ಸಿಗರೇಟು ಬಿಟ್ಟವರ ಚಡಪಡಿಕೆ ತಗ್ಗಿಸಲು ಅಗಿಯುವ ನಿಕೋಟಿನ್ ಗಮ್ ಸಿಗುತ್ತದೆ. 'ಮನಸ್ಸು ಗಟ್ಟಿ ಇದ್ದರೆ ಗಮ್ ಯಾಕೆ' ಅನ್ನುವ ಮಾತು ನಮ್ಮಲ್ಲಿ ಬಹಳ. ನನಗೆ ಅದು ಒಪ್ಪಿಗೆಯಿಲ್ಲ. ಕಾಲು ಮುರಿದವನಿಗೆ ಊರುಗೋಲು ಕೊಟ್ಟರೆ ಯಾರೂ ಹೀಗೆ ಕೇಳುವುದಿಲ್ಲ, ಅಲ್ವಾ? 'ಅದರಲ್ಲೂ ನಿಕೋಟಿನ್ ಇದೆಯಲ್ಲ' ಅಂತ ಇನ್ನು ಕೆಲವರು ಅಡ್ಡಗಾಲು ಹಾಕುತ್ತಾರೆ. ಇದೆ. ಆದರೆ ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಜಾಸ್ತಿ ರಾಸಾಯನಿಕಗಳಿವೆ, ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಗಮ್‌ನಲ್ಲಿ ಆ ಹೊಗೆ ಇಲ್ಲ.

ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ, 4 ಮಿಲಿಗ್ರಾಂ ಎರಡೂ ಬರುತ್ತವೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ ಸಾಮಾನ್ಯವಾಗಿ 4 ಬೇಕಾಗುತ್ತದೆ, ಉಳಿದವರಿಗೆ 2 ಸಾಕು. ಒಮ್ಮೆ ಡಾಕ್ಟರನ್ನು ಕೇಳಿ ತೊಗೊಳ್ಳುವುದು ಒಳ್ಳೆಯದು. ಗರ್ಭಿಣಿಯರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು ಕೇಳದೆ ಮುಟ್ಟಲೇಬಾರದು.

ನಾನು ಮೊದಲ ಸಲ ಅದನ್ನು ಬಬಲ್‌ಗಮ್ ಥರ ಕಚಪಚ ಅಗಿದೆ. ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳೆಸಿದಂತೆ. ಪಟ್ಟಿಯನ್ನೇ ಎಸೆದಿದ್ದೆ. ತಪ್ಪು ಗಮ್‌ದಲ್ಲ, ನನ್ನದು. ನಿಧಾನ ಅಗಿಯಬೇಕು. ಬಾಯಲ್ಲಿ ಮೆಣಸು ಕಚ್ಚಿದ ಹಾಗೆ ಚುರುಚುರು ಅಂದ ತಕ್ಷಣ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ಮಧ್ಯೆ ಸರಿಸಿಡಬೇಕು. ಚುರುಚುರು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಸೇರಬೇಕು, ಹೊಟ್ಟೆಗೆ ಹೋದರೆ ಉಪಯೋಗವಿಲ್ಲ. ಗಮ್ ಹಾಕುವ ಹದಿನೈದು ನಿಮಿಷ ಮುಂಚೆಯಿಂದ ಉಗುಳುವವರೆಗೂ ಕಾಫಿ, ಜ್ಯೂಸ್, ನಿಂಬೆ ಪಾನಕ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಇಳಿಯುವುದಿಲ್ಲ.

ಚಟ ಜೋರಾಗಿದ್ದವರಿಗೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ. ಬುಪ್ರೋಪಿಯಾನ್, ವಾರೆನಿಕ್ಲಿನ್ ಅನ್ನುವ ಮಾತ್ರೆಗಳಿವೆ. ಅವನ್ನು ಡಾಕ್ಟರೇ ಬರೆದುಕೊಡಬೇಕು. ಫಿಟ್ಸ್ ಇರುವವರಿಗೆ ಬುಪ್ರೋಪಿಯಾನ್ ಆಗಿಬರುವುದಿಲ್ಲ. ಗಮ್ ಸಾಮಾನ್ಯವಾಗಿ ಮೂರು ತಿಂಗಳ ಲೆಕ್ಕ. ಒಂದೇ ವಾರಕ್ಕೆ 'ನಾನು ಹುಷಾರಾದೆ' ಅಂತ ನಿಲ್ಲಿಸಬೇಡಿ, ನಿಧಾನ ಕಡಿಮೆ ಮಾಡಿ.

ಕಾಫಿ ಅರ್ಧ ಮಾಡಿ, ಔಷಧಿ ಬಗ್ಗೆ ಕೇಳಿ

ಇದು ನನಗೆ ತಡವಾಗಿ ಗೊತ್ತಾದ ವಿಷಯ. ಸಿಗರೇಟಿನ ಹೊಗೆ ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತದೆ. ಕೆಫೀನನ್ನು ಕರಗಿಸುವುದು ಅದೇ ಕಿಣ್ವ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಅದು ಮಾಮೂಲಿ ವೇಗಕ್ಕೆ ಬರುತ್ತದೆ. ಆಗ ನೀವು ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡರಷ್ಟು ನಿಲ್ಲಬಹುದು. ಎದೆ ಡವಡವ, ಕೈ ನಡುಕ, ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚದು. ನಾವು ಅದನ್ನು 'ಸಿಗರೇಟು ಇಲ್ಲದ್ದಕ್ಕೆ ಹೀಗೆ' ಅಂದುಕೊಂಡು ಹಚ್ಚಿಬಿಡುತ್ತೇವೆ.

ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದರೆ ಎರಡಕ್ಕೆ ಇಳಿಸಿ. ಇಲ್ಲವೇ ಬೈ ಟು ಮಾಡಿ. ಸಂಜೆ ಐದರ ಮೇಲೆ ಬೇಡ. ನಾನು ಕೆಲವು ದಿನ ಟೀ-ಕಾಫಿ ಬಿಟ್ಟು ಮಜ್ಜಿಗೆಗೆ ಬಂದೆ. ಅದಕ್ಕೆ ಇನ್ನೊಂದು ಲಾಭವೂ ಇತ್ತು. ಮಜ್ಜಿಗೆ ಕುಡಿದು ಸಿಗರೇಟು ಹಚ್ಚಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ!

ಇದೇ ಕಿಣ್ವದ ಮೇಲೆ ಕೆಲವು ಔಷಧಿಗಳೂ ನಿಂತಿವೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪೈನ್, ಓಲಾಂಜಪೈನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ತೊಗೊಳ್ಳುತ್ತಿದ್ದರೆ, ಸಿಗರೇಟು ಬಿಟ್ಟಿರುವುದನ್ನು ನಿಮ್ಮ ಡಾಕ್ಟರಿಗೆ ಹೇಳಲೇಬೇಕು. ಡೋಸ್ ಕಡಿಮೆ ಮಾಡಬೇಕಾಗಬಹುದು. ಸಕ್ಕರೆ ಕಾಯಿಲೆಯವರೂ ಅಷ್ಟೆ, ಇನ್ಸುಲಿನ್ ಲೆಕ್ಕ ಬದಲಾಗಬಹುದು.

ನಿಮ್ಮ ಗೂಡಂಗಡಿ ಯಾವುದು?

ನನ್ನದು ಆಫೀಸಿನ ಎದುರಿಗಿತ್ತು. ಒಂದು ತಗಡಿನ ಪೆಟ್ಟಿಗೆ, ಬಾಳೆಗೊನೆ, ಚಕ್ಕುಲಿ ಡಬ್ಬಿ. ಕಂಬಕ್ಕೆ ಸೆಣಬಿನ ದಾರದಲ್ಲಿ ಕಟ್ಟಿದ ಲೈಟರ್. ಆ ಲೈಟರಿಗೆ ಎಷ್ಟು ಕೈ ತಾಗಿತ್ತೆಂದರೆ ಅದರ ಬಣ್ಣ ಪೂರ್ತಿ ಹೋಗಿ ಬೆಳ್ಳಗಾಗಿತ್ತು. ನಾನು ರಸ್ತೆ ದಾಟುವುದನ್ನು ನೋಡಿಯೇ ಅಂಗಡಿಯವರು ಒಂದು ಕಿಂಗ್ ತೆಗೆದು ಗಾಜಿನ ಮೇಲೆ ಇಟ್ಟಿರುತ್ತಿದ್ದರು. ನಾನು ಕೇಳಬೇಕಾಗಿಯೇ ಇರಲಿಲ್ಲ. ಹೀಗಿರುವಾಗ ಬಿಡುವುದು ಹೇಗೆ? ಬೇಡ ಅನ್ನುವುದಕ್ಕೆ ನಾನೇ ಬಾಯಿ ಬಿಡಬೇಕಿತ್ತು.

ಎರಡನೇ ಸಲ ಬಿಟ್ಟಾಗ ಸೀದಾ ಹೋಗಿ ಹೇಳಿದೆ. 'ಅಣ್ಣಾ, ಬಿಟ್ಟಿದ್ದೀನಿ. ನಾನು ಕೇಳಿದ್ರೂ ಕೊಡಬೇಡಿ.' ಅವರು ಎಲೆಗೆ ಸುಣ್ಣ ಹಚ್ಚುತ್ತಾ, ತಲೆಯೆತ್ತದೆ ಅಂದರು: 'ಎಲ್ರೂ ಹಂಗೇ ಹೇಳ್ತಾರೆ ಸಾರ್. ಎಂಟು ದಿನ.' ಒಂಬತ್ತನೇ ದಿನ ಬೇಕೆಂದೇ ಅವರ ಮುಂದೆ ಹೋಗಿ ಬರೀ ಕಡಲೆ ಮಿಠಾಯಿ ತೊಗೊಂಡೆ. ಆ ಮಾತಿನಷ್ಟು ನನಗೆ ಇನ್ಯಾವ ಸಲಹೆಯೂ ಉಪಯೋಗಕ್ಕೆ ಬರಲಿಲ್ಲ.

ಒಂದು ಹಾಳೆ ತೊಗೊಳ್ಳಿ. ದಿನದಲ್ಲಿ ನೀವು ಎಲ್ಲೆಲ್ಲಿ, ಯಾರ ಜೊತೆ, ಯಾವುದರ ನಂತರ ಸೇದುತ್ತಿದ್ದಿರಿ, ಬರೆಯಿರಿ. 'ಟೆನ್ಶನ್ ಆದಾಗ' ಅಂತ ಬರೆದರೆ ಪ್ರಯೋಜನವಿಲ್ಲ. 'ಸೋಮವಾರ ಬೆಳಗ್ಗೆ ಮೀಟಿಂಗ್ ಮುಗಿಸಿ ಮೆಟ್ಟಿಲ ಹತ್ತಿರ' ಅಂತ ಬರೆಯಿರಿ. ನನ್ನ ಪಟ್ಟಿಯಲ್ಲಿ ಹನ್ನೊಂದು ಜಾಗ ಇತ್ತು. ಮಧ್ಯಾಹ್ನದ ಊಟದ ನಂತರ. ಬೈಕ್ ಪಂಕ್ಚರ್ ಹಾಕಿಸುವಾಗ. ಊರಿಗೆ ಹೋಗುವ ರಾತ್ರಿ ಬಸ್ಸು ಹೈವೇ ಹೋಟೆಲಿನ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿದಾಗ. ಮಳೆ ಬಂದು ಎಲ್ಲಾದರೂ ನಿಂತುಕೊಂಡಾಗ.

ಇನ್ನು ಪ್ರತಿಯೊಂದರ ಮುಂದೆ ಏನು ಬದಲಾಯಿಸುತ್ತೀರಿ ಅಂತ ಬರೆಯಿರಿ. ಊಟದ ನಂತರ ಅಂದರೆ ಎದ್ದು ಹಲ್ಲುಜ್ಜಿಬಿಡಿ, ಬಾಯಿ ಪೇಸ್ಟ್ ರುಚಿಯಲ್ಲಿದ್ದರೆ ಸಿಗರೇಟು ಹಿಡಿಸುವುದಿಲ್ಲ. ಬಸ್ಸು ನಿಂತಾಗ ಇಳಿಯಲೇಬೇಡಿ, ಇಳಿದರೆ ಸೇದುವವರ ಗುಂಪಿನ ಎದುರು ದಿಕ್ಕಿಗೆ ನಡೆಯಿರಿ. ಆಫೀಸಿನಿಂದ ಹೊರಡುವಾಗ ಇನ್ನೊಂದು ಗೇಟಿನಿಂದ ಹೋಗಿ. ಎಲ್ಲ ಜಾಗಕ್ಕೂ ಮದ್ದು ಸಿಗುವುದಿಲ್ಲ. ಹನ್ನೊಂದರಲ್ಲಿ ಎಂಟಕ್ಕೆ ಸಿಕ್ಕರೂ ದಿನ ಹಗುರವಾಗುತ್ತದೆ.

ಕಾನೂನು ನಮ್ಮ ಕಡೆಗೇ ಇದೆ. ಕರ್ನಾಟಕದಲ್ಲಿ 2025ರಿಂದ ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಒಂದೊಂದೇ ಸಿಗರೇಟು ಬಿಡಿಸಿ ಮಾರುವಂತೆಯೂ ಇಲ್ಲ. ಎಷ್ಟು ಕಡೆ ಪಾಲಿಸುತ್ತಾರೆ ಅನ್ನುವುದು ನಿಮಗೂ ಗೊತ್ತು. ಬಿಟ್ಟವನಿಗೆ ದೊಡ್ಡ ಶತ್ರು ಅಂದರೆ ಈ ಒಂಟಿ ಸಿಗರೇಟೇ. ಪೂರ್ತಿ ಪ್ಯಾಕ್ ಕೊಳ್ಳಬೇಕು ಅಂದರೆ ಕೈ ಒಂದು ಸಲ ತಡೆಯುತ್ತದೆ. ಜೇಬಿನ ಚಿಲ್ಲರೆಗೆ ಒಂದು ಸಿಗುವುದಾದರೆ ತಡೆಯುವುದಿಲ್ಲ.

ಐದು ನಿಮಿಷದ ಅಲೆ

ಸೇದಬೇಕೆನ್ನುವ ಆಸೆ ಎಷ್ಟೇ ಜೋರಾಗಿ ಬಂದರೂ ಮೂರರಿಂದ ಐದು ನಿಮಿಷಕ್ಕೆ ಇಳಿಯತೊಡಗುತ್ತದೆ. ಹತ್ತು ನಿಮಿಷ ಅನ್ನುವುದೇ ಬಹಳ. ನಂಬದಿದ್ದರೆ ಮೊಬೈಲಿನಲ್ಲಿ ಗಡಿಯಾರ ಇಟ್ಟು ನೋಡಿ. ನಾನು ನೋಡಿದೆ, ಮೊದಲ ಸಲ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಇಷ್ಟಕ್ಕೇ ನಾನು ಹದಿನಾಲ್ಕು ವರ್ಷ ತಲೆಬಾಗಿದ್ದಾ ಅನ್ನಿಸಿತು.

ಆ ಐದು ನಿಮಿಷ ಕೈಗೆ, ಬಾಯಿಗೆ ಕೆಲಸ ಕೊಡಬೇಕು. ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಉಸಿರು ಆಳವಾಗಿ ಎಳೆದು ನಿಧಾನ ಬಿಡಿ. ಸೇದುವಾಗ ನಾವು ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ, ಆ ನೆಮ್ಮದಿಯಲ್ಲಿ ಒಂದು ಪಾಲು ಉಸಿರಿನದು. ಜೇಬಿನಲ್ಲಿ ಸೋಂಪು, ಲವಂಗ, ಏಲಕ್ಕಿ ಇಟ್ಟುಕೊಳ್ಳಿ. ಅಂಗಿಯ ಎಡ ಜೇಬಿಗೇ ಹಾಕಿ, ಹಿಂದೆ ಪ್ಯಾಕ್ ಇರುತ್ತಿದ್ದ ಜಾಗಕ್ಕೆ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಹೋದಾಗ ಏನಾದರೂ ಸಿಗಬೇಕು. ಹುರಿಗಡಲೆ, ಸೌತೆಕಾಯಿ ಹೋಳು ಆದೀತು. ಚಿಪ್ಸ್, ಮಿಕ್ಸ್ಚರ್ ಬೇಡ, ತೂಕದ ಕತೆ ಮುಂದೆ ಇದೆ.

ಇಲ್ಲೊಂದು ಎಚ್ಚರಿಕೆ. ಸಿಗರೇಟಿನ ಬದಲು ಗುಟ್ಕಾ, ಖೈನಿ ಹಿಡಿಯುವವರಿದ್ದಾರೆ. ಅದು ಮನೆ ಬದಲಾಯಿಸಿದ ಹಾಗೆ, ಬಾಡಿಗೆ ಅದೇ. ನಮ್ಮ ಎಲೆಅಡಿಕೆ ಬಗ್ಗೆ ಹೇಳಿದರೆ ಅಡಿಕೆ ಸೀಮೆಯವರು ಬೇಜಾರಾಗಬಹುದು, ಆದರೂ ಹೇಳುತ್ತೇನೆ. ತಂಬಾಕು ಇಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಬ್ಬದೂಟದ ವೀಳ್ಯ ಬೇರೆ, ದಿನಾ ಹತ್ತು ಸಲ ದವಡೆಗೆ ಸೇರಿಸುವುದು ಬೇರೆ. ಇ-ಸಿಗರೇಟ್ ಅಂತೂ ದೇಶದಲ್ಲೇ 2019ರಿಂದ ನಿಷೇಧ.

ಬೀಗರ ಊಟದ ದಿನ ನಾನು ಬಿದ್ದದ್ದು

ಏಳು ತಿಂಗಳಾಗಿತ್ತು. ಆಸೆ ಅನ್ನುವುದೇ ಇರಲಿಲ್ಲ. ಚಿಕ್ಕಪ್ಪನ ಮಗಳ ಮದುವೆ ಮುಗಿದು ಬೀಗರ ಊಟ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಉಂಡು, ಶಾಮಿಯಾನದ ಹಿಂದೆ ನೀರಿನ ಡ್ರಮ್ಮಿನ ಹತ್ತಿರ ಕೈ ತೊಳೆಯಲು ಹೋದೆ. ಅಲ್ಲಿ ಜೊತೆಗೆ ಬೆಳೆದ ನಾಲ್ಕೈದು ಜನ ನಿಂತಿದ್ದರು. ಎಲ್ಲರೂ ಖುಷಿಯಲ್ಲಿದ್ದರು, ನಾನೂ. ಒಬ್ಬ ಪ್ಯಾಕ್ ಚಾಚಿದ. 'ಬಿಟ್ಟಿದ್ದೀನಿ ಕಣೋ' ಅಂದೆ. 'ಏಳು ತಿಂಗ್ಳು ಬಿಟ್ಟೋನಿಗೆ ಒಂದು ಏನು ಮಾಡುತ್ತೆ, ತಗೋ' ಅಂದ. ಅವನ ಮಾತು ನನಗೂ ಸರಿ ಅನ್ನಿಸಿತು. ಎಷ್ಟು ಚೆನ್ನಾಗಿ ಬಿಟ್ಟಿದ್ದೇನೆ, ಒಂದಕ್ಕೆ ಏನಾಗುತ್ತದೆ!

ಮೊದಲ ದಮ್ಮಿಗೆ ತಲೆ ಸುತ್ತಿತು. ಬಾಯಿ ಕಹಿ. ಅರ್ಧಕ್ಕೇ ಎಸೆದೆ. 'ನೋಡು, ಇಷ್ಟಾನೇ ಆಗಲಿಲ್ಲ, ನಾನು ಗೆದ್ದೆ' ಅಂದುಕೊಂಡೆ. ಮರುದಿನ ಬೆಂಗಳೂರಿಗೆ ಬಸ್ಸು ಹತ್ತುವ ಮುಂಚೆ ಒಂದು ಕೊಂಡೆ. ಹದಿನೈದು ದಿನದಲ್ಲಿ ದಿನಕ್ಕೆ ಹತ್ತು.

ನೋವಿನಲ್ಲಿ, ಟೆನ್ಶನ್‌ನಲ್ಲಿ ಬೀಳುತ್ತೇವೆ ಅಂತ ಎಲ್ಲರೂ ಎಚ್ಚರ ಇರುತ್ತಾರೆ. ಖುಷಿಯ ದಿನ ಯಾರೂ ಎಚ್ಚರ ಇರುವುದಿಲ್ಲ. ಮದುವೆ, ಗೃಹಪ್ರವೇಶ, ಊರ ಜಾತ್ರೆ, ಹಳೆಯ ಗೆಳೆಯರ ಟ್ರಿಪ್. ಅಲ್ಲಿಗೆ ಹೋಗುವ ಮುಂಚೆಯೇ ನಿಮ್ಮ ಉತ್ತರವನ್ನು ಬಾಯಿಪಾಠ ಮಾಡಿಕೊಳ್ಳಿ. ಉತ್ತರ ಚಿಕ್ಕದಾಗಿರಲಿ. 'ಇಲ್ಲಪ್ಪಾ, ನಾನು ಸೇದಲ್ಲ.' 'ಬಿಡೋಕೆ ಟ್ರೈ ಮಾಡ್ತಿದ್ದೀನಿ' ಅನ್ನಬೇಡಿ. ಅದನ್ನು ಕೇಳಿದವನು ಇನ್ನೊಂದು ಸಲ ಚಾಚುತ್ತಾನೆ. ಮಾಲೆ ಹಾಕಿದವನು 'ಟ್ರೈ ಮಾಡ್ತಿದ್ದೀನಿ' ಅನ್ನುತ್ತಾನಾ?

ಗುಂಡಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಕುಡಿಯುವ ಅಭ್ಯಾಸ ಇದ್ದರೆ ಮೊದಲ ಒಂದೆರಡು ತಿಂಗಳು ಅದನ್ನೂ ನಿಲ್ಲಿಸಿ. ಎರಡನೇ ಪೆಗ್ಗಿನ ಮೇಲೆ ನೀವು ಬರೆದ ಪಟ್ಟಿ, ಬಾಯಿಪಾಠ ಮಾಡಿದ ಉತ್ತರ ಯಾವುದೂ ನೆನಪಿರುವುದಿಲ್ಲ. ಗೆಳೆಯರನ್ನು ಬಿಡಬೇಕಾಗಿಲ್ಲ, ಜಾಗ ಬದಲಾಯಿಸಿ. ಬಾರಿನ ಬದಲು ದೋಸೆ ಹೋಟೆಲಿನಲ್ಲಿ ಸಿಗಿ. ಬರುವುದಿಲ್ಲ ಅನ್ನುವವರು ಬಾರಿಗಾಗಿ ಬರುತ್ತಿದ್ದರು, ನಿಮಗಾಗಿ ಅಲ್ಲ.

ಎಲ್ಲರಿಗೂ ಹೇಳಿ. ಹೇಳಲಾಗದಿದ್ದರೆ?

ಮಾಲೆಯ ದೊಡ್ಡ ಶಕ್ತಿ ಅದು ಕುತ್ತಿಗೆಯಲ್ಲಿ ಕಾಣುತ್ತದೆ ಅನ್ನುವುದು. ಬಿಟ್ಟಿದ್ದೇನೆ ಅಂತ ನಾಲ್ಕು ಜನಕ್ಕೆ ಹೇಳಿದರೆ ಆ ಕೆಲಸ ಆಗುತ್ತದೆ. ಆಫೀಸಿನ ಗೆಳೆಯರಿಗೆ, ಮನೆಯವರಿಗೆ, ಗೂಡಂಗಡಿಯವರಿಗೆ. 'ಬಿದ್ದರೆ ಮರ್ಯಾದೆ ಹೋಗುತ್ತದೆ' ಅಂತ ಗುಟ್ಟಾಗಿಡುವವರು ಬೀಳುವುದಕ್ಕೆ ದಾರಿ ಬಿಟ್ಟುಕೊಂಡೇ ಶುರು ಮಾಡಿರುತ್ತಾರೆ. ನಾನು ಮೊದಲ ಸಲ ಮಾಡಿದ್ದೂ ಹಾಗೇ.

ಆದರೆ ಸೇದುತ್ತಿದ್ದದ್ದೇ ಗುಟ್ಟಾಗಿದ್ದರೆ? ಹೆಣ್ಣುಮಕ್ಕಳಲ್ಲಿ ಬಹಳ ಜನರ ಪಾಡು ಇದು. ಅಪ್ಪನಿಗೆ ಹೆದರಿ ಮನೆಯಲ್ಲಿ ಬಾಯಿ ಬಿಡದ ಹುಡುಗರದ್ದೂ ಅಷ್ಟೆ. ಅಂಥವರಿಗೆ, ನಿಜ ಹೇಳಬೇಕೆಂದರೆ ಎಲ್ಲರಿಗೂ, ತಂಬಾಕು ಬಿಡಲು ಫೋನಿನಲ್ಲೇ ನೆರವು ಕೊಡುವ ಸರ್ಕಾರದ ಕ್ವಿಟ್‌ಲೈನ್ ಇದೆ: 1800-11-2356. ದುಡ್ಡು ಕೊಡಬೇಕಾಗಿಲ್ಲ. 2018ರಿಂದ ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವುದು ಇದೇ ನಂಬರ್. ದಿನಾ ಕೈಯಲ್ಲಿ ಹಿಡಿದು ಒಂದು ದಿನವೂ ಓದದೆ ಬಿಟ್ಟ ನಂಬರ್! ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯಲ್ಲಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ಹಗಲು ಹೊತ್ತಿನಲ್ಲಿ ಮಾಡಿ. ಆಮೇಲೆ ಅವರೇ ತಿರುಗಿ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸುತ್ತಾರೆ. ಮುಖಾಮುಖಿ ಮಾತಾಡಬೇಕು ಅನ್ನುವವರು ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ವಿಭಾಗ ಎಲ್ಲಿದೆ ಅಂತ ಕೇಳಿ.

ಮನೆಯವರಿಗೂ ಒಂದು ಮಾತು. ದಿನಾ ಸಂಜೆ ಬಾಗಿಲಲ್ಲೇ ನಿಲ್ಲಿಸಿ ಬಾಯಿ ವಾಸನೆ ನೋಡಬೇಡಿ. 'ಸೇದಿದ್ಯಾ?' ಅನ್ನುವುದರ ಬದಲು 'ಇವತ್ತು ಎಷ್ಟನೇ ದಿನ?' ಅಂತ ಕೇಳಿ.

ತೂಕ, ದುಡ್ಡು, ಮನಸ್ಸು

ತೂಕ ಏರುತ್ತದೆ. ಮೊದಲ ವರ್ಷ ಸರಾಸರಿ ನಾಲ್ಕೈದು ಕೆಜಿ. ನನಗೆ ಆರು ಏರಿತ್ತು, ಪ್ಯಾಂಟೆಲ್ಲ ಟೈಲರ್ ಹತ್ತಿರ ಹೋದವು. ನಾಲಿಗೆಗೆ ರುಚಿ ವಾಪಸ್ ಬಂದಿರುತ್ತದೆ, ಹಸಿವೂ ಜಾಸ್ತಿ. ಮೊದಲ ಮೂರು ತಿಂಗಳು ಡಯಟ್ ಅಂತ ಹಟ ಮಾಡಬೇಡಿ, ಎರಡು ಯುದ್ಧ ಒಟ್ಟಿಗೆ ಬೇಡ. ನಡೆಯುವುದೊಂದು ಇಟ್ಟುಕೊಳ್ಳಿ.

ದುಡ್ಡಿನ ಲೆಕ್ಕ ಸುಲಭ. ಸಿಗರೇಟಿಗೆ 20 ರೂಪಾಯಿ ಅಂತ ಇಟ್ಟುಕೊಂಡರೂ ದಿನಕ್ಕೆ ಹತ್ತು ಸೇದುವವರಿಗೆ ತಿಂಗಳಿಗೆ 6,000, ವರ್ಷಕ್ಕೆ 73,000. ಉಳಿಯಿತು ಅಂತ ಅಂದುಕೊಂಡರೆ ಸಾಲದು, ಅದು ಹಾಗೇ ಕರಗಿಹೋಗುತ್ತದೆ. ಬ್ಯಾಂಕಿನಲ್ಲಿ ಆ ಮೊತ್ತಕ್ಕೇ ಒಂದು ಆರ್‌ಡಿ ಮಾಡಿ. ಅದನ್ನು ಯಾವುದಕ್ಕೆ ಖರ್ಚು ಮಾಡುತ್ತೀರಿ ಅಂತ ಈಗಲೇ ಹೆಂಡತಿ ಮಕ್ಕಳ ಮುಂದೆ ಹೇಳಿಬಿಡಿ. ಆಮೇಲೆ ಅವರು ಮರೆಯುವುದಿಲ್ಲ!

'ಸಿಗರೇಟು ಟೆನ್ಶನ್ ಇಳಿಸುತ್ತದೆ' ಅನ್ನುವುದು ಅರ್ಧ ಸತ್ಯ. ಅದು ಇಳಿಸುವ ಟೆನ್ಶನ್ನಿನಲ್ಲಿ ಬಹುಪಾಲು ಹಿಂದಿನ ಸಿಗರೇಟು ತಂದದ್ದು. ಬಿಟ್ಟು ಕೆಲವು ತಿಂಗಳಾದ ಮೇಲೆ ಬಹಳ ಜನರಿಗೆ ಆತಂಕ ಮುಂಚಿಗಿಂತ ಕಡಿಮೆಯೇ ಇರುತ್ತದೆ. ಆದರೆ ಎರಡು ವಾರ ದಾಟಿದರೂ ಮಂಕು ಇಳಿಯದಿದ್ದರೆ, ಏನೂ ಬೇಡ ಅನ್ನಿಸುತ್ತಿದ್ದರೆ, ಅದನ್ನು ಬರೀ ಸಿಗರೇಟಿನ ಲೆಕ್ಕಕ್ಕೆ ಹಾಕಬೇಡಿ. ಡಾಕ್ಟರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ.

ಒಂದು ಸೇದಿಬಿಟ್ಟರೆ

ಮಾಲೆಯಲ್ಲಿ ತಪ್ಪು ನಡೆದರೆ ವ್ರತ ಕೆಟ್ಟಿತು ಅನ್ನುತ್ತಾರೆ. ಇಲ್ಲಿ ಮಾತ್ರ ಆ ಲೆಕ್ಕ ಹಿಡಿಯಬೇಡಿ. ಒಂದು ಸೇದಿದ ಮೇಲೆ 'ಎಲ್ಲ ಹಾಳಾಯಿತು, ಇನ್ನೇನು' ಅನ್ನುವುದೇ ಎರಡನೆಯದನ್ನು ಹಚ್ಚಿಸುತ್ತದೆ. ನನ್ನ ಏಳು ತಿಂಗಳು ಹಾಳಾಗಿದ್ದು ಡ್ರಮ್ಮಿನ ಹತ್ತಿರ ಅಲ್ಲ, ಮರುದಿನ ಬಸ್ ಸ್ಟ್ಯಾಂಡಿನಲ್ಲಿ.

ಹಾಗಾಗಿ ಒಂದು ಆಗಿಹೋದರೆ, ಪ್ಯಾಕಿನಲ್ಲಿ ಉಳಿದದ್ದನ್ನು ನಲ್ಲಿ ಕೆಳಗೆ ನೆನೆಸಿ ಎಸೆಯಿರಿ. ಬರೀ ಕಸದ ಬುಟ್ಟಿಗೆ ಹಾಕಿದರೆ ರಾತ್ರಿ ಹನ್ನೊಂದಕ್ಕೆ ಹುಡುಕಿ ತೆಗೆಯುತ್ತೀರಿ. ನಾನು ತೆಗೆದಿದ್ದೇನೆ. ಅವತ್ತೇ ಒಬ್ಬರಿಗೆ ಹೇಳಿ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಆಯಿತು ಅಂತ ಹಳೆಯ ಪಟ್ಟಿಗೆ ಸೇರಿಸಿ. ಗಮ್ ನಿಲ್ಲಿಸಿದ್ದರೆ ಡಾಕ್ಟರನ್ನು ಕೇಳಿ ಮತ್ತೆ ಶುರು ಮಾಡಿ. 'ಸೋಮವಾರದಿಂದ', 'ಯುಗಾದಿಯಿಂದ' ಅನ್ನಬೇಡಿ. ಮುಂದಿನ ಸಿಗರೇಟಿನ ಹೊತ್ತಿಗೇ ಬಿಟ್ಟಿರಬೇಕು. ಹಲವು ಸಲ ಬಿಟ್ಟು ಹಿಡಿದು, ಆಮೇಲೆ ಪೂರ್ತಿ ಬಿಟ್ಟವರೇ ಜಾಸ್ತಿ. ಹಿಂದಿನ ದಿನಗಳು ಎಲ್ಲಿಗೂ ಹೋಗಿರುವುದಿಲ್ಲ.

ವರ್ಷದ ಮೇಲೆ

ಒಂದು ವರ್ಷಕ್ಕೆ ಹೃದಯದ ಕಾಯಿಲೆಯ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯವೂ ಸುಮಾರು ಅರ್ಧ. ಆಸೆ ಅಪರೂಪವಾಗುತ್ತದೆ, ಪೂರ್ತಿ ಸಾಯುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಎಲ್ಲೋ ಮಳೆ, ಎಲ್ಲೋ ಟೀ ವಾಸನೆ, ಥಟ್ಟನೆ ಬರುತ್ತದೆ. ಬಂದಾಗ ಗಾಬರಿಯಾಗಬೇಡಿ. ಅದಕ್ಕೂ ಅದೇ ಐದು ನಿಮಿಷ.

ಕನಸೂ ಬೀಳುತ್ತದೆ. ಬಿಟ್ಟವರಲ್ಲಿ ಬಹಳ ಜನರಿಗೆ ಬೀಳುತ್ತದಂತೆ, ಅದು ಮತ್ತೆ ಶುರುವಾಗುವ ಲಕ್ಷಣವೇನಲ್ಲ. ಹೋದ ತಿಂಗಳು ನನಗೂ ಬಿತ್ತು. ಡ್ರಮ್ಮಿನ ಪಕ್ಕ ನಿಂತು ನೆಮ್ಮದಿಯಾಗಿ ಎಳೆಯುತ್ತಿದ್ದೆ. ಎಚ್ಚರಾದಾಗ ನಿಜವಾಗಿಯೂ ಸೇದಿದೆನೇನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಎದ್ದು ಹೋಗಿ ಗೂಟಕ್ಕೆ ನೇತುಹಾಕಿದ್ದ ಅಂಗಿಯ ಎಡ ಜೇಬು ತಡಕಿದೆ. ನಾಲ್ಕು ಕಾಳು ಸೋಂಪು, ಹಳೆಯದೊಂದು ಬಸ್ ಟಿಕೆಟು.